ಗಡಿಯ ಅಕ್ಷರ: ಒತ್ತು ಮತ್ತು ಅಳತೆ

ಕನ್ನಡ ಮುದ್ರಣದ ಚರಿತ್ರೆಯನ್ನು ಬರೆದವರು ಗ್ರಂಥವನ್ನು ಕೇಂದ್ರದಲ್ಲಿರಿಸಿಕೊಂಡಿದ್ದಾರೆ. 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ವ್ಯಾಕರಣ, 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ 'ಮಂಗಳೂರ ಸಮಾಚಾರ' ಈ ಚರಿತ್ರೆಯ ಮೈಲಿಗಲ್ಲುಗಳು. ಜಾನಪದ ವಿದ್ವಾಂಸರಾದರೋ ಹಾಡು, ಕಥೆ, ಗಾದೆಗಳನ್ನು ಸಂಗ್ರಹಿಸಿದರು. ಅಕ್ಷರವು ಶಿಷ್ಟರ ಸೊತ್ತೆಂದು ಅದನ್ನು ಬದಿಗಿಟ್ಟರು. ಹೀಗಾಗಿ ಭಾಂಡೆಯ ಮೇಲಿನ ಹೆಸರು, ಬೀಡಿ ಕಟ್ಟಿನ ಚೀಟಿ, ಅಂಗಡಿಯ ಫಲಕ ಇವು ಎರಡೂ ಶಿಸ್ತುಗಳಿಂದ ಹೊರಗುಳಿದವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಟ್ಟಿಗೆ ಈ ಉಪೇಕ್ಷೆ ಸಣ್ಣದಲ್ಲ. ಇಲ್ಲಿ ಎರಡು ಲಿಪಿಗಳು ಒಂದೇ ಬೀದಿಯಲ್ಲಿ ಬಾಳುತ್ತವೆ.

1956ರವರೆಗೆ ಈ ಭಾಗ ಮುಂಬಯಿ ಆಡಳಿತದಲ್ಲಿತ್ತು. ರಾಯಬಾಗವು ಅದಕ್ಕೂ ಮುನ್ನ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಮರಾಠಿ ದಫ್ತರದ ಮೋಡಿ ಬರಹದಲ್ಲಿ ಮೊದಲು ಸಾಲಿನುದ್ದಕ್ಕೂ ಶಿರೋರೇಖೆಯನ್ನೆಳೆದು, ಅನಂತರ ಅದಕ್ಕೆ ಅಕ್ಷರಗಳನ್ನು ತೂಗುಹಾಕುವ ರೂಢಿಯಿತ್ತು. ದೇವನಾಗರಿಯಲ್ಲಿಯೂ ಆ ರೇಖೆ ಪದವನ್ನು ಒಂದಾಗಿ ಹಿಡಿಯುತ್ತದೆ. ಕನ್ನಡದಲ್ಲಿ ಬಹುತೇಕ ಅಕ್ಷರಗಳಿಗೆ ತಮ್ಮದೇ ತಲೆಕಟ್ಟು. ಜ, ಣ, ಬ, ಲ ಮೊದಲಾದವುಗಳಿಗೆ ಅದೂ ಇಲ್ಲ. ದೇವನಾಗರಿಯ ಸ್ವರಚಿಹ್ನೆಗಳಲ್ಲಿ ಹಲವು ರೇಖೆಯ ಮೇಲಕ್ಕೆ ಚಾಚುತ್ತವೆ. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ. ಒಂದು ಲಿಪಿಗೆ ಮೇಲೆ ಎಡೆ ಬೇಕು, ಇನ್ನೊಂದಕ್ಕೆ ಕೆಳಗೆ.

ಈ ವ್ಯತ್ಯಾಸದ ಪರಿಣಾಮ ಊರಿನ ಹೆಸರುಗಳಲ್ಲಿಯೇ ಸ್ಪಷ್ಟವಾಗುತ್ತದೆ. ಅಥಣಿ, ರಾಯಬಾಗ, ಕಾಗವಾಡ ಎಂಬಲ್ಲಿ ಒತ್ತಿಲ್ಲ. ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಇದೆ. ಮರಾಠಿಯಲ್ಲಿ ಇವೆರಡೂ 'ಚಿಕೋಡಿ', 'ನಿಪಾಣಿ' ಎಂದಾಗಿ ಒತ್ತು ಇಲ್ಲವಾಗುತ್ತದೆ. ಫಲಕದಲ್ಲಿ ಎರಡು ಲಿಪಿಗಳಿಗೂ ಸಮಾನ ಎತ್ತರದ ಪಟ್ಟಿಯನ್ನು ಕೊಟ್ಟರೆ 'ಕಾಗವಾಡ' ಅದನ್ನು ತುಂಬಿಕೊಂಡು ನಿಲ್ಲುತ್ತದೆ. 'ಚಿಕ್ಕೋಡಿ' ಒತ್ತಿಗೆ ಎಡೆ ಮಾಡಿಕೊಡಲು ತನ್ನ ಮೈಯನ್ನೇ ಕುಗ್ಗಿಸಿಕೊಳ್ಳಬೇಕಾಗುತ್ತದೆ. ಮೈ ಕುಗ್ಗಿಸದೆ ಒತ್ತನ್ನು ಕಿರಿದುಗೊಳಿಸಿದರೆ ದೂರದಿಂದ ನೋಡುವವರಿಗೆ ಅದು ಮಾಯವಾಗುತ್ತದೆ. ಆಗ ಕನ್ನಡ ಲಿಪಿಯಲ್ಲಿಯೇ ಮರಾಠಿ ಉಚ್ಚಾರಣೆ ಉಳಿಯುತ್ತದೆ.

ಭಾಂಡೆಯ ಮೇಲೆ ಚುಕ್ಕೆ ಕೊರೆದು ಹೆಸರು ಹಾಕುವವನಿಗೆ ಈ ಇಕ್ಕಟ್ಟಿಲ್ಲ. ಅವನಿಗೆ ಚೌಕಟ್ಟೂ ಇಲ್ಲ, ಕೆಳಗೆರೆಯೂ ಇಲ್ಲ. ಕೊಡದ ಮೈಯಲ್ಲಿ ಒತ್ತು ಬೇಕಾದಷ್ಟು ಇಳಿಯಬಹುದು. ಸಮಸ್ಯೆ ಹುಟ್ಟುವುದು ಚೌಕಟ್ಟಿನೊಡನೆ.

ಚೌಕಟ್ಟನ್ನು ಇಂದು ಕಾನೂನು ಅಳೆಯುತ್ತದೆ. 2016ರ ಏಪ್ರಿಲ್‌ನಿಂದ ತಂಬಾಕು ಪೊಟ್ಟಣಗಳ ಪ್ರಧಾನ ಮುಖದಲ್ಲಿ ಶೇ. 85 ಭಾಗ ಎಚ್ಚರಿಕೆಗೆ ಮೀಸಲಾಗಿದೆ: ಚಿತ್ರಕ್ಕೆ ಶೇ. 60, ಬರಹಕ್ಕೆ ಶೇ. 25. ತಂಬಾಕಿನ ಪೇಟೆಯಾದ ನಿಪ್ಪಾಣಿಯ ಬೀಡಿ ಕಟ್ಟಿಗೂ ಇದು ಅನ್ವಯ. ಇಲ್ಲಿ ಅಳತೆಯೊಡನೆ ನೋಡುಗನ ಕಲ್ಪನೆಯೂ ಇದೆ. ಓದು ಬಾರದವನಿಗೂ ಚಿತ್ರ ತಿಳಿಯುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ತಂದ ತಿದ್ದುಪಡಿಯು ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎನ್ನುತ್ತದೆ. ಆಶಯ ಯುಕ್ತವೇ. ಆದರೆ ವಿಸ್ತೀರ್ಣವು ಓದಿಗೆ ಸಮನಲ್ಲ. ಅದೇ ಶೇ. 60 ಭಾಗದಲ್ಲಿ 'ಕಾಗವಾಡ' ದೊಡ್ಡದಾಗಿಯೂ 'ನಿಪ್ಪಾಣಿ' ಚಿಕ್ಕದಾಗಿಯೂ ಕಾಣಬಹುದು; ನಿಯಮ ಎರಡರಲ್ಲಿಯೂ ಪಾಲನೆಯಾಗಿರುತ್ತದೆ.

ಹೆಚ್ಚು ಜಾಗ ಕೇಳುವುದು ಇದಕ್ಕೆ ಪರಿಹಾರವಲ್ಲ. ಈ ಸೀಮೆಯ ಬಹಳಷ್ಟು ಜನ ಎರಡು ಭಾಷೆಗಳಲ್ಲಿ ವ್ಯವಹರಿಸುವವರು. ಒಂದು ಲಿಪಿ ಹಿಗ್ಗಲು ಇನ್ನೊಂದು ಕುಗ್ಗಲೇಬೇಕೆಂಬುದು ಅವರ ಅನುಭವಕ್ಕೆ ಒಗ್ಗುವ ಮಾತಲ್ಲ. ಅಳೆಯಬೇಕಾದುದು ಅಕ್ಷರದ ಮೈಯ ಎತ್ತರವನ್ನು, ಒತ್ತಿನ ಸ್ಪಷ್ಟತೆಯನ್ನು. ಫಲಕ ಬರೆಯುವ ನುರಿತ ಕೈ ಈ ಲೆಕ್ಕವನ್ನು ಗಣಕ ಬರುವ ಮೊದಲೇ ಬಲ್ಲುದು. ಆ ತಿಳಿವಳಿಕೆ ಯಾವ ಕೋಶದಲ್ಲಿಯೂ ಸೇರದೆ ಕುಂಚದೊಡನೆ ಮರೆಯಾಗುತ್ತಿದೆ. ಜಾನಪದ ವಸ್ತುಸಂಗ್ರಹಾಲಯಗಳು ಕೊಡವನ್ನು ದಾಖಲಿಸುವಾಗ ಅದರ ಲೋಹ, ಆಕಾರಗಳೊಡನೆ ಅದರ ಮೇಲಿನ ಅಕ್ಷರದ ರೂಪವನ್ನೂ ದಾಖಲಿಸುವುದು ಅಗತ್ಯ. ಒಂದು ಊರು ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ ಎಂಬುದು ಕೆಲವೊಮ್ಮೆ ಒಂದು ಒತ್ತನ್ನೇ ಅವಲಂಬಿಸಿರುತ್ತದೆ.