ಏಕಾಕಿ ಸಹೃದಯನೂ ದ್ವೀಪದ ಋಣವೂ

೧

ಜಪಾನಿನ ಸೇತೋ ಒಳಸಮುದ್ರದಲ್ಲಿರುವ ನವೊಶಿಮಾ ಎಂಬ ಸಣ್ಣ ದ್ವೀಪವು ಇಂದು ಸಮಕಾಲೀನ ಕಲೆಯ ಕ್ಷೇತ್ರವೆಂದು ಲೋಕಪ್ರಸಿದ್ಧವಾಗಿದೆ. ಕ್ಷೇತ್ರವೆಂಬ ಮಾತನ್ನು ಇಲ್ಲಿ ವಿಚಾರಪೂರ್ವಕವಾಗಿಯೇ ಬಳಸಬಹುದು. ನಗರದ ಕಲಾಸಂಗ್ರಹಾಲಯಕ್ಕೆ ಹೋಗುವವನು ಬೇರೆ ಕೆಲಸಗಳ ನಡುವೆ ಎರಡು ಗಂಟೆಯ ಬಿಡುವು ಮಾಡಿಕೊಂಡು ಹೋಗುತ್ತಾನೆ. ನವೊಶಿಮಾಕ್ಕೆ ಹೋಗುವವನಾದರೋ ರೈಲಿನಿಂದಿಳಿದು, ಉನೋ ಬಂದರಿನಲ್ಲಿ ಹಡಗು ಹತ್ತಿ, ಇಪ್ಪತ್ತು ನಿಮಿಷ ನೀರಿನ ಮೇಲೆ ಸಾಗಿ, ಆ ಬಳಿಕ ಕಾಲ್ನಡಿಗೆಯಲ್ಲೋ ಬೈಸಿಕಲ್ಲಿನಲ್ಲೋ ಗುಡ್ಡದ ದಾರಿ ಹಿಡಿಯಬೇಕು. ಯಾತ್ರೆಯಲ್ಲಿರುವಂತೆ ಇಲ್ಲಿಯೂ ದಾರಿಯೇ ದರ್ಶನದ ಮೊದಲ ಭಾಗ.

ಈ ಯಾತ್ರೆಗೆ ಒಬ್ಬಂಟಿಯಾಗಿ ಹೊರಡುವವರು ಅನೇಕರು. ಅದಕ್ಕೆ ಕಾರಣವೂ ಉಂಟು. ದ್ವೀಪದ ಮುಖ್ಯ ಕೃತಿಗಳೆಲ್ಲ ಮೌನವನ್ನೂ ನಿಧಾನವನ್ನೂ ಬೇಡುತ್ತವೆ; ಗುಂಪಿನೊಡನೆ ಬಂದವನನ್ನೂ ಅವು ಒಬ್ಬನನ್ನಾಗಿ ಮಾಡಿಯೇ ಒಳಗೆ ಬಿಟ್ಟುಕೊಳ್ಳುತ್ತವೆ. ಪ್ರವಾಸಕಥನಗಳು ಈ ಏಕಾಂತದ ಸೊಗಸನ್ನು ಸಾಕಷ್ಟು ಬಣ್ಣಿಸಿವೆ. ಆದರೆ ವಿಮರ್ಶೆಯು ಅಲ್ಲಿಗೇ ನಿಲ್ಲುವಂತಿಲ್ಲ. ಈ ಏಕಾಂತವು ಯಾರ ನೆಲದ ಮೇಲೆ ನಿಂತಿದೆ, ಆ ನೆಲಕ್ಕೆ ಅದು ಏನನ್ನು ಸಲ್ಲಿಸುತ್ತದೆ ಎಂಬ ಪ್ರಶ್ನೆಯನ್ನು ಅದು ಎತ್ತಲೇಬೇಕು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಎಣಿಸಿ, ಆ ತತ್ತ್ವವನ್ನು ಪದವಾಕ್ಯಗಳಿಗೆ ಮಾತ್ರವಲ್ಲದೆ ದೇಶಕಾಲಗಳಿಗೂ ಅನ್ವಯಿಸಿದನು. ಒಂದು ದ್ವೀಪವನ್ನೇ ಭಿತ್ತಿಯನ್ನಾಗಿ ಮಾಡಿಕೊಂಡ ಕಲೆಯನ್ನು ಅಳೆಯಲು ಈ ದೇಶೌಚಿತ್ಯಕ್ಕಿಂತ ತಕ್ಕ ಒರೆಗಲ್ಲು ಸಿಗಲಾರದು.

೨

ನವೊಶಿಮಾದ ಚರಿತ್ರೆಯು ಕಲೆಯಿಂದ ಆರಂಭವಾಗುವುದಿಲ್ಲ. ೧೯೧೭ರಲ್ಲಿ ದ್ವೀಪದ ಉತ್ತರ ಭಾಗದಲ್ಲಿ ಮಿತ್ಸುಬಿಷಿ ಸಂಸ್ಥೆಯು ತಾಮ್ರ ಕರಗಿಸುವ ಕಾರ್ಖಾನೆಯನ್ನು ತೆರೆಯಿತು. ದ್ವೀಪದವರಿಗೆ ಕೆಲಸ ದೊರಕಿತು, ಊರು ಬೆಳೆಯಿತು. ಅದರ ಜೊತೆಗೆ ಗಂಧಕದ ಹೊಗೆಯಿಂದ ಸುತ್ತಣ ಗುಡ್ಡಗಳ ಮರಗಿಡಗಳು ಒಣಗಿದವು. ಮುಂದೆ ಕೆಲಸಗಳು ಕಡಿಮೆಯಾದಂತೆ ಯುವಕರು ನಗರಗಳಿಗೆ ಹೊರಟರು. ಇಂದು ಅಲ್ಲಿ ಉಳಿದಿರುವವರು ಸುಮಾರು ಮೂರು ಸಾವಿರ ಮಂದಿ.

ಪೂರ್ವಕ್ಕಿರುವ ನೆರೆಯ ತೇಶಿಮಾ ದ್ವೀಪದ ಕಥೆ ಇನ್ನೂ ಕಠೋರವಾದುದು. ೧೯೭೦ರ ದಶಕದ ಕೊನೆಯಿಂದ ೧೯೯೦ರವರೆಗೆ ಅಲ್ಲಿ ಕೈಗಾರಿಕೆಯ ವಿಷಮಯ ಕಸವನ್ನು ಕಾನೂನುಬಾಹಿರವಾಗಿ ತಂದು ಸುರಿಯಲಾಯಿತು. ದ್ವೀಪವಾಸಿಗಳು ದೀರ್ಘಕಾಲ ಹೋರಾಡಿದ ಮೇಲೆ ೨೦೦೦ದಲ್ಲಿ ಪ್ರಾಂತ್ಯದ ಸರಕಾರವು ಅವರೊಡನೆ ಒಪ್ಪಂದ ಮಾಡಿಕೊಂಡು ಕ್ಷಮೆ ಬೇಡಿತು. ಒಂಬತ್ತು ಲಕ್ಷ ಟನ್ನಿಗೂ ಮಿಕ್ಕ ಆ ಕಸ ಮತ್ತು ಮಲಿನವಾದ ಮಣ್ಣನ್ನು ಹಡಗಿನಲ್ಲಿ ಸಾಗಿಸಿ ಶುದ್ಧಿಗೊಳಿಸುವ ಕಾರ್ಯವು ೨೦೦೩ರಲ್ಲಿ ತೊಡಗಿತು. ಸಾಗಣೆಯು ಮುಗಿದುದು ೨೦೧೭ರಲ್ಲಿ. ಅದನ್ನು ಸಾಗಿಸಿದುದು ಎಲ್ಲಿಗೆ? ನವೊಶಿಮಾದ ಉತ್ತರ ಭಾಗಕ್ಕೇ. ಜಗತ್ತಿನ ಕಲಾರಸಿಕರು ದ್ವೀಪದ ದಕ್ಷಿಣದಲ್ಲಿ ಬೆಳಕಿನ ಸೂಕ್ಷ್ಮಗಳನ್ನು ಸವಿಯುತ್ತಿದ್ದ ಕಾಲದಲ್ಲಿಯೇ ಉತ್ತರದಲ್ಲಿ ನೆರೆದ್ವೀಪದ ವಿಷವನ್ನು ಸುಟ್ಟು ಕರಗಿಸಲಾಗುತ್ತಿತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನೆಯದವನಿಗೆ ದ್ವೀಪದ ಅರ್ಧ ಮಾತ್ರ ಕಂಡಂತೆ.

ಕಲೆಯ ಆಗಮನಕ್ಕೆ ಕಾರಣರಾದವರು ಒಕಾಯಾಮಾದ ಪ್ರಕಾಶಕ ತೆತ್ಸುಹಿಕೋ ಫುಕುತಾಕೆ. ೧೯೮೫ರಲ್ಲಿ ಅವರೂ ಊರಿನ ಮುಖ್ಯಸ್ಥರಾದ ಚಿಕಾತ್ಸುಗು ಮಿಯಾಕೆಯವರೂ ಕಲೆತು, ದ್ವೀಪದ ದಕ್ಷಿಣದಲ್ಲಿ ಮಕ್ಕಳಿಗೊಂದು ಶಿಬಿರಸ್ಥಾನವನ್ನು ರಚಿಸುವ ಯೋಚನೆ ಮಾಡಿದರು. ಮರುವರ್ಷ ಅವರು ತೀರಿಕೊಳ್ಳಲಾಗಿ ಮಗ ಸೋಇಚಿರೋ ಆ ಹೊಣೆಯನ್ನು ಹೊತ್ತರು. ವಾಸ್ತುಶಿಲ್ಪಿ ತದಾಓ ಆಂದೋ ಅವರ ಮೇಲ್ವಿಚಾರಣೆಯಲ್ಲಿ ೧೯೮೯ರಲ್ಲಿ ಶಿಬಿರವು ತೆರೆಯಿತು. ೧೯೯೨ರಲ್ಲಿ ಸಂಗ್ರಹಾಲಯವೂ ವಸತಿಗೃಹವೂ ಒಂದೇ ಆದ ಬೆನೆಸ್ಸೆ ಹೌಸ್ ಎದ್ದಿತು. ಹೀಗೆ ಉತ್ತರಕ್ಕೆ ದುಡಿಮೆ, ದಕ್ಷಿಣಕ್ಕೆ ದರ್ಶನ ಎಂಬ ವಿಭಾಗವು ದ್ವೀಪದಲ್ಲಿ ಏರ್ಪಟ್ಟಿತು. ಇಲ್ಲಿಯ ಕೃತಿಗಳ ತಾರತಮ್ಯವನ್ನು ಈ ವಿಭಾಗದ ಹಿನ್ನೆಲೆಯಲ್ಲಿಯೇ ಪರಿಶೀಲಿಸಬೇಕು.

೩

ದಕ್ಷಿಣದ ಕಲೆಯ ಶಿಖರವೆಂದರೆ ೨೦೦೪ರಲ್ಲಿ ತೆರೆದ ಚಿಚೂ ಸಂಗ್ರಹಾಲಯ. 'ಚಿಚೂ' ಎಂದರೆ ಭೂಮಿಯೊಳಗೆ ಎಂದರ್ಥ. ಗುಡ್ಡದ ಆಕಾರಕ್ಕೆ ಭಂಗ ಬರಬಾರದೆಂದು ಆಂದೋ ಅವರು ಕಟ್ಟಡದ ಬಹುಭಾಗವನ್ನು ನೆಲದೊಳಗೆ ಹುದುಗಿಸಿ, ಮೇಲಿನಿಂದ ಹಗಲ ಬೆಳಕು ಇಳಿಯುವಂತೆ ಮಾಡಿದ್ದಾರೆ. ಅಲ್ಲಿರುವ ಕಲಾವಿದರು ಮೂವರೇ. ಕ್ಲೋದ್ ಮೋನೆಯ ನೈದಿಲೆಯ ಚಿತ್ರಗಳು ಐದು, ಅವಕ್ಕೆ ವಿದ್ಯುದ್ದೀಪವಿಲ್ಲ. ಮೋಡ ಕವಿದರೆ ಚಿತ್ರದ ಕೊಳವೂ ಮಬ್ಬಾಗುತ್ತದೆ. ನೋಡುವವನು ಪಾದರಕ್ಷೆಯನ್ನು ಕಳಚಿಟ್ಟು, ಸಣ್ಣ ಸಣ್ಣ ಬಿಳಿಯ ಅಮೃತಶಿಲೆಯ ಘನಗಳನ್ನು ಹಾಸಿದ ನೆಲದ ಮೇಲೆ ಮೆಲ್ಲನೆ ನಡೆಯಬೇಕು. ವಾಲ್ಟರ್ ಡಿ ಮರಿಯಾ ಅವರ ಕೋಣೆಯಲ್ಲಿ ಮೆಟ್ಟಿಲುಗಳ ನಡುವೆ ೨.೨ ಮೀಟರ್ ವ್ಯಾಸದ ಗ್ರಾನೈಟ್ ಗೋಳವೊಂದಿದೆ. ಸುತ್ತಲೂ ಚಿನ್ನದ ಲೇಪದ ೨೭ ಮರದ ಆಕೃತಿಗಳು. ಮೂರನೆಯವರಾದ ಜೇಮ್ಸ್ ಟರೆಲ್ ಅವರಿಗೆ ಬೆಳಕೇ ಸಾಮಗ್ರಿ. ಅವರು ಚಾವಣಿಯನ್ನು ಚೌಕಾಕಾರವಾಗಿ ತೆರೆದು ಆಕಾಶವನ್ನೇ ಚಿತ್ರಫಲಕವನ್ನಾಗಿಸಿದ್ದಾರೆ.

ಈ ರಚನೆಯ ಸಿದ್ಧಿಯನ್ನು ಅಲ್ಲಗಳೆಯುವಂತಿಲ್ಲ. ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಬರುವ ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಮುಖ್ಯವಾದುದು ಪ್ರೇಕ್ಷಕನು ತನ್ನ ಸುಖದುಃಖಗಳಿಗೇ ಅಂಟಿಕೊಂಡಿರುವುದು. ಚಿಚೂವಿನ ನೀಳವಾದ ಕಾಂಕ್ರೀಟು ದಾರಿಗಳು, ಮೌನ, ಬರಿಗೋಡೆಗಳು ಎಲ್ಲವೂ ಆ ವಿಘ್ನವನ್ನು ನೀಗಿಸುವ ಪೂರ್ವರಂಗದಂತಿವೆ. ಒಬ್ಬಂಟಿ ಪ್ರವಾಸಿಗೆ ಇಲ್ಲಿ ದೊರೆಯುವ ಶಾಂತಿಯು ನಿಜವಾದುದು.

ಆದರೂ ಒಂದು ಮಾತನ್ನು ಹೇಳಬೇಕಾಗುತ್ತದೆ. ಈ ಶಾಂತಿಯಲ್ಲಿ ದ್ವೀಪದವರಿಗೆ ಎಡೆಯಿಲ್ಲ. ಫ್ರಾನ್ಸಿನ ಕೊಳ, ಅಮೆರಿಕದ ಗೋಳ, ಎಲ್ಲರಿಗೂ ಸಮಾನವಾದ ಆಕಾಶ: ಇವು ಮೂರೂ ಬೇರೊಂದು ದೇಶದ ಬೇರೊಂದು ಗುಡ್ಡದೊಳಗಿದ್ದರೂ ಹೆಚ್ಚು ನಷ್ಟವಾಗುತ್ತಿರಲಿಲ್ಲ. ಗುಡ್ಡದ ರೂಪವನ್ನು ಕಾಪಾಡಿದ ವಿನಯವು ದೊಡ್ಡದೇ. ಆದರೆ ರೂಪವನ್ನು ಕಾಪಾಡುವುದು ಒಂದು, ನೆನಪನ್ನು ಕಾಪಾಡುವುದು ಇನ್ನೊಂದು. ಚಿಚೂ ಪರಿಪೂರ್ಣವಾದ ಕೃತಿ. ಆ ಪರಿಪೂರ್ಣತೆಯೇ ಅದರ ಮಿತಿಯೂ ಹೌದು.

೪

ದ್ವೀಪದ ಪೂರ್ವತೀರದಲ್ಲಿ ಹೊನ್ಮುರಾ ಎಂಬ ಹಳೆಯ ಕೇರಿಯಿದೆ. ಅಲ್ಲಿಗೆ ಬಂದ ಪ್ರವಾಸಿಗೆ ಬೇರೊಂದು ಬಗೆಯ ಏಕಾಂತದ ಪರಿಚಯವಾಗುತ್ತದೆ. ಜನರು ಬಿಟ್ಟುಹೋದ ಮನೆಗಳನ್ನು ಕಲಾವಿದರಿಗೆ ಒಪ್ಪಿಸುವ 'ಮನೆ ಯೋಜನೆ'ಯು ಈ ಕೇರಿಯಲ್ಲಿ ೧೯೯೮ರಲ್ಲಿ ಆರಂಭವಾಯಿತು. ಇಲ್ಲಿ ನೋಡುವವನು ಸಂಗ್ರಹಾಲಯದ ಪ್ರಾಕಾರವನ್ನು ದಾಟಿ ಒಳಹೋಗುವುದಿಲ್ಲ. ಬಟ್ಟೆ ಒಣಹಾಕಿದ ಅಂಗಳಗಳ, ತರಕಾರಿಯ ಪಾತಿಗಳ ಪಕ್ಕದಲ್ಲಿ ನಡೆದುಹೋಗುತ್ತಾನೆ.

ಈ ಯೋಜನೆಯ ಮೊದಲ ಕೃತಿಯು ಸುಮಾರು ಇನ್ನೂರು ವರ್ಷ ಹಳೆಯದಾದ 'ಕಾದೋಯಾ' ಎಂಬ ಮನೆಯಲ್ಲಿದೆ. ತತ್ಸುವೋ ಮಿಯಾಜಿಮಾ ಅವರು ಅದರ ನಡುಮನೆಯಲ್ಲಿ ನೀರು ತುಂಬಿಸಿ, ನೀರಿನೊಳಗೆ ೧೨೫ ಅಂಕೆಯ ದೀಪಗಳನ್ನು ಇಟ್ಟರು. ಒಂದೊಂದು ದೀಪವೂ ಒಂದರಿಂದ ಒಂಬತ್ತರವರೆಗೆ ಎಣಿಸುತ್ತದೆ. ಸೊನ್ನೆ ಮಾತ್ರ ಕಾಣಿಸಿಕೊಳ್ಳುವುದಿಲ್ಲ. ಯಾವ ದೀಪವು ಎಷ್ಟು ವೇಗವಾಗಿ ಎಣಿಸಬೇಕೆಂಬುದನ್ನು ಗೊತ್ತುಮಾಡಿದವರು ಕಲಾವಿದರಲ್ಲ, ದ್ವೀಪದ ೧೨೫ ಮಂದಿ ನಿವಾಸಿಗಳು. ಕತ್ತಲೆಯ ಮನೆಯಲ್ಲಿ ಕುಳಿತ ಅಪರಿಚಿತ ಪ್ರವಾಸಿಯು ಹೀಗೆ ತಾನರಿಯದ ನೂರಿಪ್ಪತ್ತೈದು ಜೀವಗಳ ಕಾಲಗತಿಯನ್ನು ನೋಡುತ್ತಾನೆ. ಒಂದು ಅವಸರದಲ್ಲಿದೆ, ಇನ್ನೊಂದು ಮುಂದಿನ ಅಂಕೆಗೆ ಹೋಗಲು ಮನಸ್ಸೇ ಇಲ್ಲವೆಂಬಂತೆ ನಿಧಾನಿಸುತ್ತದೆ. ಸಾಮಗ್ರಿಯ ಬೆಲೆಯನ್ನು ಲೆಕ್ಕಹಾಕಿದರೆ ಇದು ಚಿಚೂವಿನ ಒಂದು ಮೂಲೆಗೂ ಸಮನಾಗದು. ಅರ್ಥದ ಲೆಕ್ಕದಲ್ಲಿ ಇದು ದ್ವೀಪದ ಎಲ್ಲ ಕೃತಿಗಳಿಗೂ ಮಿಗಿಲಾದುದು. ಇಲ್ಲಿಯ ಏಕಾಂತವು ಜನರಿಂದ ತುಂಬಿದೆ.

ಅದೇ ಕೇರಿಯ ಗೋಓ ದೇಗುಲವನ್ನು ೨೦೦೨ರಲ್ಲಿ ಹಿರೋಶಿ ಸುಗಿಮೋತೋ ಪುನಾರಚಿಸಿದರು. ಭೂಮಿಯ ಕೆಳಗಿನ ಕಲ್ಲುಕೋಣೆಯನ್ನೂ ಮೇಲಿನ ಗರ್ಭಗುಡಿಯನ್ನೂ ಗಾಜಿನ ಮೆಟ್ಟಿಲುಗಳು ಕೂಡಿಸುತ್ತವೆ. ಕೋಣೆಯಿಂದ ಹೊರಬರುವ ಇಕ್ಕಟ್ಟಾದ ದಾರಿಯ ತುದಿಯಲ್ಲಿ ಸಮುದ್ರ ಕಾಣಿಸುತ್ತದೆ. ಕೃತಿಯ ಹೆಸರಿನ ಅರ್ಥ 'ತಕ್ಕ ಪ್ರಮಾಣ'. ಔಚಿತ್ಯವೆಂಬ ನಮ್ಮ ಮಾತಿಗೆ ಇದಕ್ಕಿಂತ ಸಮೀಪವಾದ ಹೆಸರನ್ನು ಕಲ್ಪಿಸುವುದು ಕಷ್ಟ. ಇದು ಕಲಾಕೃತಿಯಾದ ಮೇಲೆಯೂ ಊರವರ ಪೂಜಾಸ್ಥಾನವಾಗಿಯೇ ಉಳಿದಿದೆಯೆಂಬುದು ಅದರ ಸಾರ್ಥಕತೆಗೆ ಸಾಕ್ಷಿ.

ಹಿಂದೆ ದೇವಾಲಯವಿದ್ದ ಸ್ಥಳದಲ್ಲಿ ೧೯೯೯ರಲ್ಲಿ ನಿರ್ಮಿತವಾದ 'ಮಿನಾಮಿದೇರಾ' ಇನ್ನೊಂದು ದೃಷ್ಟಾಂತ. ಟರೆಲ್ ಅವರ ಈ ಕೃತಿಯಲ್ಲಿ ಮೊದಲಿಗೆ ಕಾಣುವುದು ಕಡುಗತ್ತಲೆ ಮಾತ್ರ. ಕೆಲವು ನಿಮಿಷ ಸುಮ್ಮನೆ ಕುಳಿತ ಮೇಲೆ ಎದುರಿಗೆ ಮಸುಕಾದ ಬೆಳಕೊಂದು ಮೂಡಿದಂತಾಗುತ್ತದೆ. ಬೆಳಕು ಮೊದಲೇ ಇತ್ತು. ಕಣ್ಣು ಅದಕ್ಕೆ ಯೋಗ್ಯವಾಗಬೇಕಾಗಿತ್ತು. ಚಿಚೂವಿನ ಟರೆಲ್‌ಗಿಂತ ಈ ಟರೆಲ್ ಹೆಚ್ಚು ದೇಶೋಚಿತರೆನ್ನಬೇಕು. ದೇವಾಲಯವು ಇಲ್ಲದ ಜಾಗದಲ್ಲಿ ಅವರು ದೇವಾಲಯದ ಶಿಸ್ತನ್ನು ಉಳಿಸಿದ್ದಾರೆ.

ಇನ್ನು ಯಾಯೋಯಿ ಕುಸಾಮಾ ಅವರ ಹಳದಿ ಕುಂಬಳಕಾಯಿ. ೧೯೯೪ರಲ್ಲಿ ಹಳೆಯ ಹಡಗುಕಟ್ಟೆಯ ತುದಿಯಲ್ಲಿಟ್ಟ ಈ ಶಿಲ್ಪವು ದ್ವೀಪದ ಲಾಂಛನವೇ ಆಗಿದೆ. ೨೦೨೧ರ ಆಗಸ್ಟಿನ ಚಂಡಮಾರುತದಲ್ಲಿ ಅದು ಸಮುದ್ರಪಾಲಾಗಿ, ಮರುವರ್ಷದ ಅಕ್ಟೋಬರಿನಲ್ಲಿ ಹೊಸದಾಗಿ ಸ್ಥಾಪಿತವಾಯಿತು. ಜನಪ್ರಿಯತೆಯನ್ನು ದೋಷವೆನ್ನಬೇಕಾಗಿಲ್ಲ. ಆದರೂ ಅದರ ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಂಡು ಹಡಗು ಹತ್ತುವವನು ಲಾಂಛನವನ್ನು ಕಂಡನೇ ಹೊರತು ದ್ವೀಪವನ್ನಲ್ಲ.

೫

ನವೊಶಿಮಾದ ಕಲೆಯ ವಿಚಾರವು ತೇಶಿಮಾವನ್ನು ಬಿಟ್ಟು ಪೂರ್ಣವಾಗದು. ಎರಡು ದ್ವೀಪಗಳನ್ನೂ ವಿಷದ ಹಡಗುಗಳು ಬೆಸೆದಿದ್ದವು, ಈಗ ಕಲಾರಸಿಕರ ಹಡಗುಗಳು ಬೆಸೆಯುತ್ತಿವೆ. ತೇಶಿಮಾ ಸಂಗ್ರಹಾಲಯವು ತೆರೆದುದು ೨೦೧೦ರಲ್ಲಿ, ಸೇತೋ ದ್ವೀಪಗಳ ತ್ರೈವಾರ್ಷಿಕ ಕಲೋತ್ಸವವು ಮೊದಲ ಸಲ ನಡೆದ ವರ್ಷದಲ್ಲಿ. ರಿಯೂಎ ನಿಶಿಜಾವಾ ನಿರ್ಮಿಸಿದ, ಕಂಬಗಳಿಲ್ಲದ ಕಾಂಕ್ರೀಟು ಚಿಪ್ಪು ಅದು. ಉದ್ದ ೬೦ ಮೀಟರ್, ಅಗಲ ೪೦ ಮೀಟರ್. ಒಳಗೆ ಚಿತ್ರವಿಲ್ಲ, ಪ್ರತಿಮೆಯಿಲ್ಲ. ರೇ ನಾಯ್ತೋ ಅವರ ಕೃತಿಯೆಂದರೆ ನೆಲದ ಸೂಕ್ಷ್ಮರಂಧ್ರಗಳಿಂದ ಜಿನುಗುವ ನೀರು. ಹನಿಗಳು ಹುಟ್ಟಿ, ಉರುಳಿ, ಒಂದನ್ನೊಂದು ಕೂಡಿ ಕೊಳವಾಗುತ್ತವೆ. ಮೇಲಿನ ಎರಡು ದೊಡ್ಡ ತೆರಪುಗಳಿಂದ ಗಾಳಿ, ಮಳೆ, ಹಕ್ಕಿಯ ದನಿ ಒಳಗಿಳಿಯುತ್ತವೆ. ನೆಲವೂ ನೀರೂ ಕೆಟ್ಟುಹೋಗಿವೆಯೆಂದು ಹೆಸರು ಕೆಡಿಸಿಕೊಂಡಿದ್ದ ಊರಿನಲ್ಲಿ ನೆಲದಿಂದ ನಿರ್ಮಲವಾದ ನೀರು ಚಿಮ್ಮುವುದನ್ನು ನೋಡುವಾಗ, ಚರಿತ್ರೆಯನ್ನರಿತವನಿಗೆ ಆಗುವ ಅನುಭವವು ಅರಿಯದವನ ಅನುಭವಕ್ಕಿಂತ ಬೇರೆ. ಕೃತಿಯು ಒಂದು ಮಾತನ್ನೂ ಹೇಳುವುದಿಲ್ಲ. ಇದನ್ನು ಧ್ವನಿಯೆನ್ನದೆ ಮತ್ತೇನೆನ್ನಬೇಕು?

ಅದೇ ದ್ವೀಪದ ಕಡಲಂಚಿನಲ್ಲಿ ಕ್ರಿಸ್ತಿಯಾಂ ಬೋಲ್ತಾನ್ಸ್ಕಿ ಜನರ ಎದೆಬಡಿತಗಳ ಭಂಡಾರವನ್ನು ಸ್ಥಾಪಿಸಿದರು. ಕತ್ತಲೆಯ ಕೋಣೆಯಲ್ಲಿ ಯಾರದೋ ಹೃದಯದ ಬಡಿತಕ್ಕೆ ತಕ್ಕಂತೆ ಒಂದೇ ಒಂದು ದೀಪ ಬೆಳಗಿ ಆರುತ್ತದೆ. ಬಂದವರು ತಮ್ಮ ಬಡಿತವನ್ನೂ ಧ್ವನಿಮುದ್ರಿಸಿ ಬಿಟ್ಟುಹೋಗಬಹುದು. ೨೦೨೧ರಲ್ಲಿ ಕಲಾವಿದರು ತೀರಿಕೊಂಡರು. ಭಂಡಾರವು ಬೆಳೆಯುತ್ತಲೇ ಇದೆ. ಒಬ್ಬಂಟಿ ಪ್ರವಾಸಿಯು ಏನನ್ನಾದರೂ ಕೊಟ್ಟು ಹೋಗುವ ವಿರಳ ಕೃತಿಗಳಲ್ಲಿ ಇದೊಂದು.

೬

ಈ ಉದ್ಯಮವೆಲ್ಲವೂ ಒಂದು ಶ್ರೀಮಂತ ಸಂಸ್ಥೆಯ ಪೋಷಣೆಯಿಂದ ಆಯಿತು, ದ್ವೀಪವಾಸಿಗಳು ಅದರಲ್ಲಿ ಅಲಂಕಾರ ಮಾತ್ರ ಎಂಬ ಆಕ್ಷೇಪವುಂಟು. ಪೋಷಣೆಯಿಲ್ಲದೆ ಬೇಲೂರೂ ಇಲ್ಲ, ಬಾದಾಮಿಯೂ ಇಲ್ಲ. ಪೋಷಕನ ಹಣದಿಂದ ಕೃತಿಯ ಯೋಗ್ಯತೆ ಕೆಡುವುದಿಲ್ಲ. ಪೋಷಕನ ಮತ್ತು ಅತಿಥಿಯ ದೃಷ್ಟಿಗೆ ಮಾತ್ರ ಕೃತಿಯು ರೂಪುಗೊಂಡಾಗ ಕೆಡುತ್ತದೆ. ಕಲೆ ಬಂದ ಮೇಲೆಯೂ ದ್ವೀಪದಲ್ಲಿ ವೃದ್ಧರ ಪ್ರಮಾಣವು ಹೆಚ್ಚಾಗಿಯೇ ಇದೆ ಎಂಬುದೂ ನಿಜ. ಊರನ್ನು ಬದುಕಿಸುವ ಪೂರ್ಣ ಹೊಣೆಯನ್ನು ಕಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಊರಿನ ಬದುಕನ್ನು ಮರೆಸಬಾರದೆಂದು ಕೇಳುವುದು ನ್ಯಾಯವೇ.

೨೦೨೫ರ ಮೇ ತಿಂಗಳಲ್ಲಿ ಹೊನ್ಮುರಾದ ಬಳಿ ಆಂದೋ ಅವರದೇ ಇನ್ನೊಂದು ಸಂಗ್ರಹಾಲಯ ತೆರೆದಿದೆ. ಏಷ್ಯದ ಕಲಾವಿದರೇ ಅದರ ಗಮನ. ಅದರ ಮೊದಲ ಪ್ರದರ್ಶನದಲ್ಲಿ ಮೈಸೂರಿನ ಎನ್. ಎಸ್. ಹರ್ಷ ಅವರೂ ಇದ್ದರೆಂಬುದು ಕನ್ನಡಿಗರಿಗೆ ಸಂತೋಷದ ವಿಷಯ. ಆದರೆ ಈ ಹೊಸ ಮನೆಯನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕಾಗುತ್ತದೆ: ಕೃತಿಯು ದ್ವೀಪದಲ್ಲಿ ಇಳಿದುಕೊಂಡಿದೆಯೋ, ನೆಲೆಸಿದೆಯೋ?

ಊರು ಬಿಟ್ಟು ಊರಿಗೆ ಬಂದು ನೆಲೆಸಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಬಾಡಿಗೆ ಸಲ್ಲಿಸಿದ ಮಾತ್ರಕ್ಕೆ ಊರು ತನ್ನದಾಗುವುದಿಲ್ಲ. ಅದರ ನೋವಿನ ನೆನಪಿನಲ್ಲಿ ಪಾಲು ಪಡೆದಾಗ ಆಗುತ್ತದೆ. ಕಾದೋಯಾದ ನೀರಿನಲ್ಲಿ ಎಣಿಸುತ್ತಿರುವ ದೀಪಗಳು ಅಂಥ ಪಾಲನ್ನು ಪಡೆದಿವೆ. ಏಕಾಕಿ ಸಹೃದಯನು ದಕ್ಷಿಣದ ಬೆಳಕನ್ನು ಕಣ್ತುಂಬ ನೋಡಲಿ. ಹಿಂದಿರುಗುವ ಮೊದಲು ಉತ್ತರದ ಹೊಗೆಗೊಳವೆಗಳ ಕಡೆಗೂ ಒಮ್ಮೆ ಮುಖಮಾಡಲಿ. ಆಗ ಅವನ ದರ್ಶನವು ಪೂರ್ಣವಾಗುವುದು.