ಕೋಡ್ ಹೇಳಿದ್ದೊಂದು, ಬದಲಿಸಿದ್ದೊಂದು

ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿದ್ದಿದೆ, ಚೆಕ್ ಎಂಜಿನ್ ದೀಪ ಹತ್ತಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಸಿಕ್ಕಿಸಿದರೆ ಪಿ0500 ಎಂಬ ಕೋಡ್ ಬರುತ್ತದೆ. ‘ಸ್ಪೀಡ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು’ ಎನ್ನಲು ಆಮೇಲೆ ಎರಡು ನಿಮಿಷವೂ ಬೇಡ. ಬೆಂಗಳೂರಾದರೆ ಜೆ.ಸಿ. ರಸ್ತೆಯಿಂದ ಹೊಸ ಸೆನ್ಸರ್ ಬರುತ್ತದೆ, ಕೋಡ್ ಅಳಿಸಿ ಗಾಡಿ ಕಳಿಸುತ್ತಾರೆ. ಎಷ್ಟೋ ಸಲ ಕೆಲವೇ ದಿನಗಳಲ್ಲಿ ಅದೇ ದೀಪ ಮತ್ತೆ ಹತ್ತುತ್ತದೆ. ಗ್ಯಾರೇಜುಗಳಲ್ಲಿ ಬೇರೂರಿರುವ ಈ ಪದ್ಧತಿ ತಪ್ಪು ಎಂದು ಖಚಿತವಾಗಿಯೇ ಹೇಳಬೇಕಾಗಿದೆ.

ಎಂಜಿನ್ ತಿರುಗುತ್ತಿದೆ, ಲೋಡ್ ಬಿದ್ದಿದೆ, ಹಾಗಾಗಿ ಗಾಡಿ ಓಡುತ್ತಿರಬೇಕು, ಆದರೆ ವೇಗ ಮಾತ್ರ ಸೊನ್ನೆ. ಕಾರಿನ ಕಂಪ್ಯೂಟರಿಗೆ ತಿಳಿದಿರುವುದು ಇಷ್ಟೇ. ಸಿಗ್ನಲ್ ಎಲ್ಲಿ ತಪ್ಪಿತು ಎಂಬುದು ಅದಕ್ಕೆ ತಿಳಿಯದು. ಗೇರ್‌ಬಾಕ್ಸ್ ಮೇಲಿನ ಸೆನ್ಸರೇ ಸತ್ತಿರಬಹುದು. ಅದನ್ನು ತಿರುಗಿಸುವ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದಿರಬಹುದು, ಕನೆಕ್ಟರಿಗೆ ನೀರಿಳಿದು ಪಿನ್ ಹಸಿರುಗಟ್ಟಿರಬಹುದು, ಬಾನೆಟ್ಟಿನೊಳಗೆ ಸೇರಿದ ಇಲಿ ವೈರ್ ಕಡಿದಿರಬಹುದು. ಕೆಲವು ಕಾರುಗಳಲ್ಲಿ ಸಿಗ್ನಲ್ ಮೊದಲು ಮೀಟರಿಗೆ ಹೋಗಿ ಅಲ್ಲಿಂದ ಕಂಪ್ಯೂಟರಿಗೆ ಬರುತ್ತದೆ. ಅಂಥ ಕಾರಿನಲ್ಲಿ ಮುಳ್ಳು ಸರಿಯಾಗಿ ಆಡುತ್ತಿದ್ದೂ ಕೋಡ್ ಬಂದಿದ್ದರೆ ಸೆನ್ಸರ್ ಮುಟ್ಟುವ ಮೊದಲು ಮೀಟರಿನಿಂದಾಚೆಯ ವೈರ್ ನೋಡಬೇಕು.

ಇವನ್ನೆಲ್ಲ ಬೇರ್ಪಡಿಸಲು ಮಲ್ಟಿಮೀಟರ್, ಜ್ಯಾಕ್, ಗಟ್ಟಿ ಸ್ಟ್ಯಾಂಡ್ ಇದ್ದರೆ ಸಾಕು. ಮೂರು ವೈರಿನ ಹಾಲ್ ಸೆನ್ಸರನ್ನೇ ನೋಡೋಣ. ಕನೆಕ್ಟರ್ ಬಿಚ್ಚಿ ಇಗ್ನಿಷನ್ ಆನ್ ಮಾಡಿದರೆ ಒಂದು ಪಿನ್ನಿನಲ್ಲಿ ಸಪ್ಲೈ ಸಿಗಬೇಕು. ಕೆಲವು ಕಾರುಗಳಲ್ಲಿ ಅದು 5 ವೋಲ್ಟ್, ಕೆಲವುಗಳಲ್ಲಿ ಬ್ಯಾಟರಿಯಷ್ಟೇ, ಸುಮಾರು 12. ಇನ್ನೊಂದು ಪಿನ್ನಿನಲ್ಲಿ ಅರ್ತ್ ಗಟ್ಟಿಯಾಗಿರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ. ಎರಡೂ ಇದ್ದರೆ ಕನೆಕ್ಟರ್ ಮತ್ತೆ ಕೂರಿಸಿ, ಹಿಂಬದಿಯಿಂದ ಸಿಗ್ನಲ್ ವೈರಿಗೆ ಸಣ್ಣ ಪ್ರೋಬ್ ತಾಗಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಎತ್ತಿ ನಿಲ್ಲಿಸಿದ ಮುಂದಿನ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಬೇಕು. ಅಂಕಿ ಸೊನ್ನೆಯ ಹತ್ತಿರ ಇಳಿದು, ಥಟ್ಟನೆ ಏರಿ, ಮತ್ತೆ ಇಳಿಯುತ್ತಿದ್ದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಆ ಏರಿಳಿತ ಕಣ್ಣೆದುರೇ ಕಂಡಮೇಲೆ ಊಹೆಗೆ ಜಾಗವೇ ಇರುವುದಿಲ್ಲ. ಅಂಕಿ ಅಲ್ಲಾಡದಿದ್ದರೂ ಅವಸರ ಬೇಡ. ಸೆನ್ಸರ್ ಬಿಚ್ಚಿ ಗೇರಿನ ಹಲ್ಲು ನೋಡಬೇಕು, ತುದಿಗೆ ಕಬ್ಬಿಣದ ಪುಡಿ ಅಂಟಿದೆಯೇ ನೋಡಬೇಕು. ಎರಡು ವೈರಿನ ಮ್ಯಾಗ್ನೆಟಿಕ್ ಸೆನ್ಸರಿನ ರೀತಿಯೇ ಬೇರೆ. ಅದು ಸಪ್ಲೈ ಕೇಳುವುದಿಲ್ಲ, ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ.

ಹೊಸ ಕಾರುಗಳಲ್ಲಿ ಈ ಅವಸರ ಇನ್ನೂ ದುಬಾರಿ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಆ್ಯಂಟಿ-ಲಾಕ್ ಬ್ರೇಕ್ (ಎಬಿಎಸ್) ಕಡ್ಡಾಯ. ಇಂಥ ಎಷ್ಟೋ ಕಾರುಗಳಲ್ಲಿ ಗೇರ್‌ಬಾಕ್ಸ್ ಮೇಲೆ ಬೇರೆ ಸ್ಪೀಡ್ ಸೆನ್ಸರೇ ಇಲ್ಲ. ಚಕ್ರದ ಸೆನ್ಸರುಗಳಿಂದ ಎಬಿಎಸ್ ಘಟಕ ವೇಗ ಲೆಕ್ಕ ಹಾಕಿ ಉಳಿದವಕ್ಕೆ ಕಳಿಸುತ್ತದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುವುದರಿಂದ ಎಬಿಎಸ್‌ನಲ್ಲಿ ಕೂತಿರುವ ಅಸಲಿ ದೋಷ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಎಬಿಎಸ್ ಓದಬಲ್ಲ ಸ್ಕ್ಯಾನರಿನಲ್ಲಿ ನಾಲ್ಕು ಚಕ್ರಗಳ ಲೈವ್ ಡೇಟಾ ಪಕ್ಕಪಕ್ಕ ಇಟ್ಟುಕೊಂಡು ಗಾಡಿ ಓಡಿಸಿ ನೋಡಿದರೆ ಯಾವುದು ಹಿಂದೆ ಬಿದ್ದಿದೆ ಎಂಬುದು ಗೊತ್ತಾಗುತ್ತದೆ.

ಇಷ್ಟೆಲ್ಲ ಮೆಕ್ಯಾನಿಕ್‌ಗಳಿಗೆ ಗೊತ್ತಿಲ್ಲವೆಂದಲ್ಲ. ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ನರು ಕನೆಕ್ಟರ್ ಅಲುಗಾಡಿಸಿಯೇ ಲೂಸ್ ಕಾಂಟ್ಯಾಕ್ಟ್ ಹಿಡಿಯುತ್ತಾರೆ. ತೊಂದರೆ ಇರುವುದು ಬಿಲ್ಲಿನಲ್ಲಿ. ಸ್ಪೇರ್ ಪಾರ್ಟ್ಸಿಗೆ ಒಂದು ಸಾಲು, ಲೇಬರಿಗೆ ಒಂದು ಸಾಲು. ಒಂದು ಗಂಟೆ ಕೂತು ದೋಷ ಹುಡುಕಿದ್ದಕ್ಕೆ ಸಾಲೇ ಇಲ್ಲ. ‘ಏನೂ ಬದಲಿಸಿಲ್ವಲ್ಲ, ದುಡ್ಡು ಯಾಕೆ?’ ಎನ್ನುವ ಗ್ರಾಹಕನೇ ಮೆಕ್ಯಾನಿಕ್ಕನ್ನು ಬಿಡಿಭಾಗದ ಅಂಗಡಿಗೆ ಅಟ್ಟುತ್ತಾನೆ. ಹತ್ತು ರೂಪಾಯಿಯ ಪಿನ್ ಸರಿಮಾಡಿದವನಿಗೆ ಸೆನ್ಸರ್ ಮಾರಿದವನಷ್ಟು ಸಿಗದಿದ್ದರೆ ಆತ ಮಲ್ಟಿಮೀಟರ್ ಹಿಡಿಯುವುದಾದರೂ ಯಾಕೆ? ತಪಾಸಣೆಗೆ ಬೇರೆ ಶುಲ್ಕ ಕೇಳುವ ಗ್ಯಾರೇಜುಗಳ ಮೇಲೆ ಜನ ಮುನಿಯುತ್ತಾರೆ. ನನಗಂತೂ ಅವುಗಳ ಮೇಲೆ ಗೌರವ. ಆ ಶುಲ್ಕವನ್ನು ಚೌಕಾಸಿ ಇಲ್ಲದೆ ಕೊಡೋಣ, ಬದಲಿಗೆ ಸಪ್ಲೈ ಎಷ್ಟಿತ್ತು, ಅರ್ತ್ ಸಿಕ್ಕಿತೇ, ಚಕ್ರ ತಿರುಗಿಸಿದಾಗ ಸಿಗ್ನಲ್ ಆಡಿತೇ ಎಂಬುದನ್ನು ಬಿಲ್ಲಿನ ಮೇಲೆ ಬರೆದು ಕೊಡಿ ಎಂದು ಕೇಳೋಣ.