ಕೊಳಲೋ ಕ್ಲಾರಿಯೊನೆಟ್ಟೋ: ವಾದ್ಯದ ಆಯ್ಕೆ ಮತ್ತು ಜಾನಪದ ವಿಮರ್ಶೆಯ ಮಾನದಂಡ

1

ಕೊಳಲು ನಮ್ಮದು, ಕ್ಲಾರಿಯೊನೆಟ್ ಪರಕೀಯವಾದುದು ಎಂಬ ವಿಂಗಡಣೆ ಕನ್ನಡ ಜಾನಪದ ಬರವಣಿಗೆಯಲ್ಲಿ ಬಹುಮಟ್ಟಿಗೆ ಪ್ರಶ್ನಾತೀತವಾಗಿ ಉಳಿದುಬಂದಿದೆ. ವಾದ್ಯಗಳನ್ನು ಕುರಿತ ವಿವರಣಾತ್ಮಕ ಅಧ್ಯಯನಗಳು ಕೊಳಲಿಗೆ ಪುಟಗಳನ್ನೇ ಮೀಸಲಿಡುತ್ತವೆ. ಮದುವೆಯ ದಿಬ್ಬಣಗಳಲ್ಲಿ, ಊರಹಬ್ಬದ ಮೆರವಣಿಗೆಗಳಲ್ಲಿ ಕೇಳಿಸುತ್ತ ಬಂದ ಕ್ಲಾರಿಯೊನೆಟ್ ಬಗ್ಗೆ ಬಹುತೇಕ ಮೌನ ತಾಳುತ್ತವೆ. ಈ ಮೌನ ಆಕಸ್ಮಿಕವಾದುದಲ್ಲ. ಅದರ ಹಿಂದೆ ಶುದ್ಧತೆಯ ಒಂದು ಕಲ್ಪನೆ ಕೆಲಸ ಮಾಡುತ್ತಿದೆ. ಆ ಕಲ್ಪನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ನನ್ನದೇ ಒಂದು ತಪ್ಪಿನಿಂದ. ಹಲವು ವರ್ಷಗಳ ಹಿಂದೆ ಜನಪದ ಕಲಾಮೇಳವೊಂದರ ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ. ತುಮಕೂರು ಜಿಲ್ಲೆಯ ವಾಲಗದ ಮನೆತನದ ಹಿರಿಯರೊಬ್ಬರು ಕ್ಲಾರಿಯೊನೆಟ್ ಹಿಡಿದು ಬಂದಿದ್ದರು. ಮುಖವೀಣೆಯಾಗಲಿ, ಕೊನೆಗೆ ಕೊಳಲಾಗಲಿ ಇದ್ದರೆ ಪರಿಗಣಿಸಬಹುದೆಂದು ನಾವು ಅವರಿಗೆ ಹೇಳಿದೆವು. ಅವರು ಮರುಮಾತಾಡದೆ ವಾದ್ಯವನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟರು. ಮುಂದೆ ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಅವರ ಮನೆಗೇ ಹೋಗುವ ಅವಕಾಶ ಒದಗಿತು. ಅವರ ಕಿರಿಯ ಮಗ ಆಗ ಯಾವ ವಾದ್ಯವನ್ನು ಕಲಿಯಬೇಕೆಂಬ ಗೊಂದಲದಲ್ಲಿದ್ದ. ಕೊಳಲು ಕಲಿತರೆ ವೇದಿಕೆಗೆ ಕರೆ ಬರುತ್ತದೆ, ಕ್ಲಾರಿಯೊನೆಟ್ ಕಲಿತರೆ ಮದುವೆಗೆ ಕರೆ ಬರುತ್ತದೆ. ಮರ್ಯಾದೆ ಒಂದರಲ್ಲಿ, ಅನ್ನ ಇನ್ನೊಂದರಲ್ಲಿ ಎಂಬುದು ಆ ಹಿರಿಯರ ಮಾತಿನ ತಾತ್ಪರ್ಯವಾಗಿತ್ತು. ಒಬ್ಬ ಹುಡುಗನ ಮುಂದೆ ಈ ಇಕ್ಕಟ್ಟನ್ನು ತಂದಿಟ್ಟವರಲ್ಲಿ ನಾವೂ ಇದ್ದೇವೆ ಎಂಬುದು ನನಗೆ ಅಲ್ಲಿಯೇ ಮನವರಿಕೆಯಾಯಿತು.

2

ಮೊದಲು ವಾದ್ಯಗಳ ಸ್ವರೂಪವನ್ನೇ ಗಮನಿಸಬಹುದು. ಕೊಳಲು ಎರಡೂ ಕಡೆ ತೆರೆದ ನಳಿಕೆಯಂತೆ ವರ್ತಿಸುತ್ತದೆ. ಉಸಿರನ್ನು ಬಿಗಿಗೊಳಿಸಿದಾಗ ಅದೇ ಬೆರಳಿನ ಜೋಡಣೆಯಲ್ಲಿ ಸ್ವರವು ಒಂದು ಸ್ಥಾಯಿ ಮೇಲಕ್ಕೇರುತ್ತದೆ. ಕ್ಲಾರಿಯೊನೆಟ್ ಒಂಟಿ ರೀಡಿನ, ಕೊಳವೆಯಾಕಾರದ ವಾದ್ಯ. ಅದು ಒಂದು ತುದಿ ಮುಚ್ಚಿದ ನಳಿಕೆಯಂತೆ ವರ್ತಿಸುವುದರಿಂದ ಅಲ್ಲಿ ಸ್ವರ ನೆಗೆಯುವುದು ಸ್ಥಾಯಿಗಲ್ಲ, ಹನ್ನೆರಡನೆಯ ಸ್ವರಕ್ಕೆ. ಎಂದರೆ ಮಂದ್ರ ಷಡ್ಜವನ್ನು ನುಡಿಸುವ ಬೆರಳಿನ ಜೋಡಣೆಯೇ ಮೇಲಿನ ನೆಲೆಯಲ್ಲಿ ಮಧ್ಯಸ್ಥಾಯಿಯ ಪಂಚಮವನ್ನು ಕೊಡುತ್ತದೆ. ಮುಖವೀಣೆ ಜೋಡಿ ರೀಡಿನ, ಶಂಕುವಿನಾಕಾರದ ವಾದ್ಯವಾದುದರಿಂದ ಕೊಳಲಿನಂತೆ ಸ್ಥಾಯಿಗೇ ನೆಗೆಯುತ್ತದೆ. ಆದ್ದರಿಂದ ಮುಖವೀಣೆ ಬಿಟ್ಟು ಕ್ಲಾರಿಯೊನೆಟ್ ಹಿಡಿದ ಕಲಾವಿದ ತನ್ನ ಮೇಲಿನ ಸ್ವರಗಳ ಬೆರಳಾಟವನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗಿತ್ತು. ಇದನ್ನು ಕೇವಲ ಅನುಕರಣೆ ಎಂದು ತಳ್ಳಿಹಾಕುವುದು ಆ ಶ್ರಮಕ್ಕೆ ಮಾಡುವ ಅನ್ಯಾಯ.

ಗಮಕದ ಪ್ರಶ್ನೆಯೂ ಇಲ್ಲಿದೆ. ಬಿದಿರಿನ ಕೊಳಲಿನಲ್ಲಿ ಬೆರಳು ನೇರವಾಗಿ ರಂಧ್ರದ ಮೇಲಿರುತ್ತದೆ. ಅರ್ಧ ತೆರೆದು, ಜಾರಿಸಿ, ಸ್ವರದಿಂದ ಸ್ವರಕ್ಕೆ ಸಾಗಬಹುದು. ಕ್ಲಾರಿಯೊನೆಟ್‌ನಲ್ಲಿ ಕೀಲಿಗಳಿವೆ. ಆದರೂ ಉಂಗುರಗಳಿರುವ ತೆರೆದ ರಂಧ್ರಗಳ ಮೇಲೆ ಬೆರಳನ್ನು ಜಾರಿಸಿ, ತುಟಿಯ ಒತ್ತಡವನ್ನು ಬದಲಿಸಿ ಗಮಕವನ್ನು ಹೊರಡಿಸುವ ಕ್ರಮವನ್ನು ನಮ್ಮ ವಾದಕರು ರೂಢಿಸಿಕೊಂಡರು. ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತದಲ್ಲಿ, ರಾಯಚೂರಿನ ನರಸಿಂಹಲು ವಡವಾಟಿ ಹಿಂದೂಸ್ತಾನಿ ಸಂಗೀತದಲ್ಲಿ ಈ ಸಾಧ್ಯತೆಯನ್ನು ಕಚೇರಿಯ ಮಟ್ಟಕ್ಕೆ ಕೊಂಡೊಯ್ದರು. ‘ಕೀಲಿಯ ವಾದ್ಯಕ್ಕೆ ನಮ್ಮ ರಾಗ ಒಗ್ಗದು’ ಎಂಬ ವಾದಕ್ಕೆ ಇವರ ಸಾಧನೆಯೇ ಉತ್ತರವಾಗಿದೆ. ಕದ್ರಿ ಗೋಪಾಲನಾಥ್ (1949–2019) ಅವರು ಸ್ಯಾಕ್ಸೋಫೋನ್‌ನಲ್ಲಿ ಸಾಧಿಸಿದ್ದೂ ಇದನ್ನೇ. ಅವರು ನಾಗಸ್ವರದ ಮನೆತನದಿಂದ ಬಂದವರೆಂಬುದು ಇಲ್ಲಿ ಮುಖ್ಯ.

3

ಹಾಗಿದ್ದರೆ ಕ್ಲಾರಿಯೊನೆಟ್ ಕುರಿತ ಅನಾದರಕ್ಕೆ ಕಾರಣವೇನು? ಅದಕ್ಕೆ ಉತ್ತರವನ್ನು ವಾದ್ಯದ ರಚನೆಯಲ್ಲಲ್ಲ, ಸಾಮಾಜಿಕ ಇತಿಹಾಸದಲ್ಲಿ ಹುಡುಕಬೇಕು. ತಂಜಾವೂರು ಕಡೆಯ ಸದಿರ್ ಮೇಳಗಳಲ್ಲಿ 19ನೆಯ ಶತಮಾನದಲ್ಲಿ ಮುಖವೀಣೆಯ ಸ್ಥಾನಕ್ಕೆ ಕ್ಲಾರಿಯೊನೆಟ್ ಬಂದಿತು. ಮೇಳದವರು ನರ್ತಕಿಯ ಬೆನ್ನಹಿಂದೆ ನಿಂತು ನುಡಿಸುತ್ತಿದ್ದ ಕಾಲವದು. 20ನೆಯ ಶತಮಾನದಲ್ಲಿ ಸದಿರ್ ಭರತನಾಟ್ಯವಾಗಿ ಮರುರೂಪ ಪಡೆದಾಗ, ವಿಶೇಷವಾಗಿ ರುಕ್ಮಿಣೀದೇವಿ ಅರುಂಡೇಲ್ ಅವರು 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದ ಅನಂತರದ ಸುಧಾರಣೆಗಳಲ್ಲಿ, ಕ್ಲಾರಿಯೊನೆಟ್ ಹಿಂದೆ ಸರಿದು ಕೊಳಲು ಮೊದಲಾದ ವಾದ್ಯಗಳು ಮುಂದೆ ಬಂದವು. ದೇವದಾಸಿ ಪರಂಪರೆಯಿಂದ ಬಂದ ಬಾಲಸರಸ್ವತಿ (1918–1984) ಅವರ ಮೇಳದಲ್ಲಿ ಮಾತ್ರ ಕ್ಲಾರಿಯೊನೆಟ್ ಉಳಿಯಿತು. ಇಲ್ಲಿ ಆಯ್ಕೆ ನಡೆದದ್ದು ಎರಡು ವಾದ್ಯಗಳ ನಡುವೆ ಮಾತ್ರವಲ್ಲ, ಎರಡು ಸಾಮಾಜಿಕ ಲೋಕಗಳ ನಡುವೆ. ಕೊಳಲಿಗೆ ಕೃಷ್ಣನ ಪುರಾಣವಿತ್ತು. ಕ್ಲಾರಿಯೊನೆಟ್‌ಗೆ ಯಾವ ಪುರಾಣವೂ ಇರಲಿಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ವಿಧಿಸಿದ ನಿಷೇಧವೂ ಇದೇ ಶುದ್ಧತೆಯ ಚಿಂತನೆಯ ಫಲ. ಅದೇ ಹಾರ್ಮೋನಿಯಂ ಕನ್ನಡ ವೃತ್ತಿರಂಗಭೂಮಿಯ ಜೀವನಾಡಿಯಾಗಿತ್ತು.

ಕರ್ನಾಟಕದಲ್ಲಿ ಕ್ಲಾರಿಯೊನೆಟ್ ಅರಮನೆಗೂ ಬೀದಿಗೂ ಸಲ್ಲುತ್ತಿತ್ತು. ಒಂದು ಕಡೆ ಮೈಸೂರು ಅರಮನೆಯ ಬ್ಯಾಂಡ್. ಇನ್ನೊಂದು ಕಡೆ ಊರೂರಿನ ಬ್ಯಾಂಡ್‌ಸೆಟ್. ವಾಲಗವನ್ನು ವೃತ್ತಿಯಾಗಿ ನಡೆಸಿಕೊಂಡು ಬಂದ ಸವಿತಾ ಸಮಾಜ, ಭಜಂತ್ರಿ ಮೊದಲಾದ ಸಮುದಾಯಗಳವರು ಅದನ್ನು ಕೈಗೆತ್ತಿಕೊಂಡದ್ದಕ್ಕೆ ಸ್ಪಷ್ಟ ಕಾರಣವಿದೆ. ಡೋಲು, ತಮಟೆಗಳ ಅಬ್ಬರದ ನಡುವೆ, ಧ್ವನಿವರ್ಧಕವಿಲ್ಲದ ಬೀದಿಯಲ್ಲಿ ಕೊಳಲು ಕೇಳಿಸದು. ಮೆರವಣಿಗೆಗೆ ಬೇಕಾದುದು ದೂರಕ್ಕೆ ಮುಟ್ಟುವ ನಾದ. ಅವರು ವಾದ್ಯವನ್ನು ಆರಿಸಿದ್ದು ಸ್ವದೇಶಿ, ವಿದೇಶಿ ಎಂಬ ತೂಕದಿಂದಲ್ಲ. ನಾದ ಎಲ್ಲಿಗೆ ಮುಟ್ಟಬೇಕು ಎಂಬ ಅಗತ್ಯದಿಂದ.

4

ಇನ್ನು ಕೊಳಲಿನ ‘ಜಾನಪದತೆ’ಯನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಚಿತ್ರದುರ್ಗ, ತುಮಕೂರು ಸೀಮೆಯ ಕಾಡುಗೊಲ್ಲರಲ್ಲಿ ಗಣೆ ಎಂಬ ಬಿದಿರಿನ ಉದ್ದನೆಯ ಕೊಳಲಿದೆ. ಜುಂಜಪ್ಪನ ಕಾವ್ಯವನ್ನು ಹಾಡುವವರು ಗಣೆಯನ್ನು ನುಡಿಸುತ್ತ ಹಾಡುತ್ತಾರೆ. ತೀ.ನಂ. ಶಂಕರನಾರಾಯಣ ಮೊದಲಾದ ವಿದ್ವಾಂಸರ ಕ್ಷೇತ್ರಕಾರ್ಯದಿಂದ ಈ ಸಮುದಾಯದ ಆಚರಣಾಲೋಕ ನಮಗೆ ಪರಿಚಿತವಾಗಿದೆ. ಅಲ್ಲಿ ಗಣೆ ಬರಿಯ ಪಕ್ಕವಾದ್ಯವಲ್ಲ, ನಂಬಿಕೆಯ ಭಾಗ. ಇದು ನಿಸ್ಸಂದೇಹವಾಗಿ ಜನಪದ ಕೊಳಲು.

ಆದರೆ ನಮ್ಮ ಮೇಳಗಳ ವೇದಿಕೆಯಲ್ಲಿ ಜನಪದ ಗೀತೆಗೆ ಹಿನ್ನೆಲೆಯಾಗಿ ಕೇಳಿಸುವ ಕೊಳಲು ಗಣೆಯಲ್ಲ. ಅದು ಕಚೇರಿಯ ಕೊಳಲು. 1980ರ ದಶಕದ ಧ್ವನಿಸುರುಳಿಗಳ ಮೂಲಕ, ಸುಗಮ ಸಂಗೀತ ಮತ್ತು ಚಲನಚಿತ್ರ ಸಂಗೀತದ ವಾದ್ಯವೃಂದದ ಪ್ರಭಾವದಿಂದ ಅದು ಜನಪದ ಗೀತೆಯೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡಿತು. ಬೀಸುವ ಪದಕ್ಕೆ ರಾಗಿಕಲ್ಲಿನ ಸದ್ದೇ ಶ್ರುತಿ. ಸೋಬಾನೆಗೆ ಹೆಂಗಸರ ಕೊರಳೇ ಸಾಕು. ನೀಲಗಾರರ ಪದಗಳಿಗೆ ತಂಬೂರಿ ಉಂಟು. ಇವುಗಳಿಗೆ ಕೊಳಲಿನ ಹಿನ್ನೆಲೆ ಸೇರಿದ್ದು ಧ್ವನಿಗ್ರಾಹಕದ ಯುಗದಲ್ಲಿ. ಅಂದರೆ ವೇದಿಕೆಯ ಕೊಳಲು ಬೀದಿಯ ಕ್ಲಾರಿಯೊನೆಟ್‌ಗಿಂತ ಈಚಿನದು. ಒಂದನ್ನು ಪರಂಪರೆಯೆಂದೂ ಇನ್ನೊಂದನ್ನು ಕಲಬೆರಕೆಯೆಂದೂ ಕರೆಯುವುದಕ್ಕೆ ಕಾಲದ ಆಧಾರವಿಲ್ಲ. ಬಿದಿರು ಎಂಬ ವಸ್ತುವನ್ನೇ ನಾವು ಪರಂಪರೆಯೆಂದು ಭಾವಿಸಿದ್ದೇವೆ.

ಹಾಗೆಂದು ಕ್ಲಾರಿಯೊನೆಟ್ ಪ್ರವೇಶದಿಂದ ಯಾವ ನಷ್ಟವೂ ಆಗಲಿಲ್ಲವೆಂದು ವಾದಿಸುವುದು ಸಾಧುವಲ್ಲ. ಮುಖವೀಣೆಯ ಹಿಮ್ಮೆಟ್ಟುವಿಕೆಯಲ್ಲಿ ಅದರ ಪಾಲೂ ಇದೆ. ಮೂಡಲಪಾಯದಂತಹ ಬಯಲಾಟದಲ್ಲಿ ಮುಖವೀಣೆಯ ನಾದವೇ ಪ್ರಯೋಗದ ಗುರುತಾಗಿತ್ತು. ಅದನ್ನು ಬೇರೆ ವಾದ್ಯ ತುಂಬಿಕೊಡಲಾರದು. ವಾದ್ಯ ಮಾಡುವ ಕುಶಲಕರ್ಮಿಯ ಕಸುಬೂ ಇದರಲ್ಲಿ ಸೇರಿದೆ: ಊರಿನ ಬಡಗಿಗೆ ಎಟುಕುವ ವಾದ್ಯ ಹೋಗಿ, ಹೊರಗಿನಿಂದ ಕೊಳ್ಳಬೇಕಾದ ವಾದ್ಯ ಬಂದಿತು. ಈ ನಷ್ಟವನ್ನು ದಾಖಲಿಸಬೇಕು. ಆದರೆ ಅದರ ಹೊಣೆಯನ್ನು ಹೊಟ್ಟೆಪಾಡಿಗಾಗಿ ವಾದ್ಯ ಬದಲಿಸಿದವನ ತಲೆಗೆ ಕಟ್ಟಿ, ಅವನನ್ನು ಅಧ್ಯಯನದ ಆಚೆಗಿಡುವುದು ಇನ್ನೊಂದು ನಷ್ಟಕ್ಕೆ ದಾರಿ.

ಆ ಇನ್ನೊಂದು ನಷ್ಟ ಯಾವುದೆಂಬುದು ತುಮಕೂರು ಸೀಮೆಯ ಆ ಹಿರಿಯರ ಮನೆಯಲ್ಲಿ ನನಗೆ ತಿಳಿಯಿತು. ಧಾರೆಗೊಂದು, ದಿಬ್ಬಣಕ್ಕೊಂದು, ದೇವರು ಹೊಳೆಗೆ ಹೊರಡುವಾಗಿನದೊಂದು ಎಂದು ಅವರು ನುಡಿಸಿದ ಮಟ್ಟುಗಳು ಅವರ ತಂದೆ ಮುಖವೀಣೆಯಲ್ಲಿ ನುಡಿಸುತ್ತಿದ್ದವು. ಮನೆಯಲ್ಲಿ ಮುಖವೀಣೆ ಇರಲಿಲ್ಲ; ಮಟ್ಟುಗಳು ಇದ್ದವು. ಕ್ಲಾರಿಯೊನೆಟ್ ನೋಡಿ ಧ್ವನಿಮುದ್ರಣ ಯಂತ್ರವನ್ನು ಬದಿಗಿಟ್ಟಿದ್ದರೆ ನಾನು ಕಳೆದುಕೊಳ್ಳುತ್ತಿದ್ದುದು ಮುಖವೀಣೆಯ ಪರಂಪರೆಯನ್ನೇ.

ಈ ಹಿನ್ನೆಲೆಯಲ್ಲಿ, ಒಂದು ವಾದ್ಯ ಎಲ್ಲಿ ಹುಟ್ಟಿತು ಎಂಬುದರ ಬದಲು ಬೇರೆ ಮೂರು ಪ್ರಶ್ನೆಗಳನ್ನು ಮಾನದಂಡವಾಗಿ ಇಟ್ಟುಕೊಳ್ಳುವುದು ಸೂಕ್ತ. ಅದರ ನಾದ ಯಾವ ಸ್ಥಳಕ್ಕೆ, ಯಾವ ಆಚರಣೆಗೆ ಸಲ್ಲುತ್ತದೆ? ಅದು ಯಾವ ಸಮುದಾಯದ ಕಲಿಕೆಯಲ್ಲಿ, ದುಡಿಮೆಯಲ್ಲಿ ನೆಲೆಗೊಂಡಿದೆ? ಅದು ಯಾವುದನ್ನು ಪಕ್ಕಕ್ಕೆ ಸರಿಸಿತು, ಯಾವುದನ್ನು ಉಳಿಸಿಕೊಂಡಿತು? ಈ ಪ್ರಶ್ನೆಗಳಿಗೆ ಗಣೆ ಒಂದು ಬಗೆಯ ಉತ್ತರ ಕೊಡುತ್ತದೆ, ಕ್ಲಾರಿಯೊನೆಟ್ ಇನ್ನೊಂದು ಬಗೆಯ ಉತ್ತರ ಕೊಡುತ್ತದೆ. ಎರಡೂ ಅಧ್ಯಯನಕ್ಕೆ ಅರ್ಹ. ಇಂದು ಮೆರವಣಿಗೆಗಳಲ್ಲಿ ಕೀಬೋರ್ಡ್ ಮತ್ತು ಡಿ.ಜೆ. ಧ್ವನಿವ್ಯವಸ್ಥೆ ಬ್ಯಾಂಡ್‌ಸೆಟ್ಟನ್ನೇ ಹಿಂದಕ್ಕೆ ತಳ್ಳುತ್ತಿರುವಾಗ, ವಾಲಗದ ಮನೆತನಗಳ ಕ್ಲಾರಿಯೊನೆಟ್ ಮಟ್ಟುಗಳನ್ನು ಸಂದರ್ಭಸಹಿತ ಧ್ವನಿಮುದ್ರಿಸಿ ಸಂಗ್ರಹಿಸುವ ಕಾರ್ಯ ತುರ್ತಿನದಾಗಿದೆ. ಅದು ಸಂಗೀತದ ಅಧ್ಯಯನವೋ ಜಾನಪದದ ಅಧ್ಯಯನವೋ ಎಂಬ ಚರ್ಚೆಯನ್ನು ಸಂಗ್ರಹ ಮುಗಿದ ಮೇಲೆ ನಡೆಸಬಹುದು.